ಅಂಬುವಿನ ಗಾಡಿ

ನವೆಂಬರ್ 11, ಸೋಮವಾರ. ಬೆಳಿಗ್ಗೆ, ಲೋಕಲ್ ರೈಲಿನಲ್ಲಿ

ಸೀಟು ಸಿಕ್ಕಿತು. ವಡಾಲದಿಂದ ಫೋರ್ಟಿಗೆ ಆಫೀಸ್ ಹೊತ್ತಿನಲ್ಲಿ ಸೀಟು ಎಂದರೆ ಲಾಟರಿಯೇ. ಟಿಫಿನ್‌ನಲ್ಲಿ ಚಪಾತಿ, ಪುಂಡಿಪಲ್ಯ. ಚಟ್ನಿ ಮರೆತೆ.

ಆಟಿಕೆಯ ವಿಚಾರ ಇನ್ನೂ ಮುಗಿದಿಲ್ಲ. ಬಸು ತಿಂಡಿ ತಿನ್ನುತ್ತಲೇ ಫೋನಿನಲ್ಲಿ ಮತ್ತೆ ತೋರಿಸಿದ — ಮಕ್ಕಳ ಲ್ಯಾಪ್‌ಟಾಪ್. ಗುಂಡಿ ಒತ್ತಿದರೆ ಪ್ರಾಣಿಯ ಹೆಸರು ಹೇಳುತ್ತದೆ, ಹಾಡುತ್ತದೆ, ಎಣಿಸುತ್ತದೆ. ಡಬ್ಬದ ಮೇಲೆ ಕನ್ನಡಕ ಹಾಕಿದ ಮಗುವಿನ ಚಿತ್ರ. ಅಂಬುವಿನ ಮೂರನೇ ಬರ್ತ್‌ಡೇಗೆ ಇದೇ ಬೇಕಂತೆ. ಬೇಕಾಗಿರುವುದು ಮಗಳಿಗಲ್ಲ, ಅಪ್ಪನಿಗೆ.

ಅಂಬು ಕಡಿಮೆ ಮಾತಿನವಳು. ಡಾಕ್ಟರು ಕಿವಿ ನೋಡಿ, ಎಲ್ಲ ಸರಿಯಿದೆ, ಅವಸರ ಬೇಡ ಎಂದರು. ಆದರೆ ಡಿಸೆಂಬರಿನಲ್ಲಿ ನರ್ಸರಿ ಇಂಟರಾಕ್ಷನ್, ಸೀಟು ಕೊಡುವ ಮುಂಚೆ ಮಗುವನ್ನು ಮಾತಾಡಿಸಿ ನೋಡುವುದು. ಅಲ್ಲಿ ಬಾಯಿ ಬಿಡದಿದ್ದರೆ? ಕೆಳಗಿನ ಮನೆ ಗುಲಾಫಶಾಳ ಮಗ ರೋಶನ್ ಆಗಲೇ ‘ಎಲಿಫೆಂಟ್’ ಅನ್ನುತ್ತಾನೆ. ಅನ್ನಲಿ. ಅವನಿಗೆ ಚಪ್ಪಲಿಯ ಎಡ ಬಲ ತಿಳಿಯದು. ನಮ್ಮ ಅಂಬು ತಾನೇ ಹಾಕಿಕೊಳ್ಳುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇರಲಿ, ನನ್ನದು ಜಾಣ ಹೆಗ್ಗಣ.

ನವೆಂಬರ್ 14, ಗುರುವಾರ. ಸಂಜೆ

ಬಸುವಿನ ಹೊಸ ಕಾಯಿದೆ — ಇಂಟರಾಕ್ಷನ್ ಮುಗಿಯುವವರೆಗೆ ಮನೆಯಲ್ಲಿ ಬರೀ ಇಂಗ್ಲಿಷ್. ಕನ್ನಡ, ಮರಾಠಿ, ಹಿಂದಿ ಎಲ್ಲ ಕಲಸಿದ್ದರಿಂದಲೇ ಕೂಸಿಗೆ ಗೊಂದಲ ಎಂದು ಯಾವುದೋ ವಿಡಿಯೋದಲ್ಲಿ ನೋಡಿದನಂತೆ. ನಾನೂ ಹೂಂ ಎಂದೆ.

ಅತ್ತೆ ದಾನವ್ವ ಬದನೆಕಾಯಿ ಹೆಚ್ಚುತ್ತಿದ್ದರು. ಕೈ ನಿಂತಿತು.

“ನನಗ ಇಂಗ್ಲೀಷ್ ಬರಂಗಿಲ್ಲೋ ಬಸೂ.”

“ಸ್ವಲ್ಪ ದಿನಾ ಅಷ್ಟ, ಯವ್ವಾ.”

“ಆತ ಬಿಡಪಾ. ಬಾಯಿಗೆ ಕೀಲಿ ಹಾಕ್ಕೋತೀನಿ.”

ಅತ್ತೆಯ ಬಾಯಿಗೆ ಕೀಲಿ! ಬಿಲ್ಡಿಂಗಿನ ವಾಚ್‌ಮನ್‌ಗೂ ಬೆಳಗಾವಿಯ ಸುದ್ದಿ ಮುಟ್ಟಿಸುವ ಬಾಯಿ ಅದು. ನಾವಿಬ್ಬರೂ ನಕ್ಕೆವು. ಅವರು ನಗಲಿಲ್ಲ.

ನವೆಂಬರ್ 17, ಭಾನುವಾರ

ಗುಲಾಫಶಾ ತಾನೇ ರೋಶನ್‌ನ ಲ್ಯಾಪ್‌ಟಾಪ್ ತಂದುಕೊಟ್ಟಳು. “ಇಟ್ಕೋರಿ ಭಾಭಿ. ಮೊದ್ಲ ಆಡ್ಸಿ ನೋಡ್ರಿ, ಆಮ್ಯಾಲ ಖರೀದಿ ಮಾಡ್ರಿ. ಇಂವಾ ಈಗ ಅದನ್ನ ಮುಟ್ಟಂಗೇ ಇಲ್ಲ.” ವಿಜಯಪುರದವಳು. ಕೊಡುಗೈ.

‘ವೇರ್ ಈಸ್ ದ ಕೌ?’ ಅಂಬು ಒತ್ತಿದಳು. ‘ಗ್ರೇಟ್ ಜಾಬ್!’ ಬಸು ತಾನೇ ಸಿಕ್ಸರ್ ಹೊಡೆದವನಂತೆ ನನ್ನ ಕಡೆ ನೋಡಿದ. ನನಗೂ ಖುಷಿಯಾಯಿತು, ಸುಳ್ಳೇಕೆ.

ನವೆಂಬರ್ 24, ಭಾನುವಾರ

ವಾರವಿಡೀ ಬರೆಯಲಿಲ್ಲ. ಬರೆಯಲು ಮಾತೇ ಇಲ್ಲ ಮನೆಯಲ್ಲಿ. ಮಾತಾಡುವುದು ಆ ಲ್ಯಾಪ್‌ಟಾಪ್ ಒಂದೇ, ಬ್ಯಾಟರಿ ಹಾಕಿಕೊಂಡು.

ಇವತ್ತು ಪಕ್ಕದಲ್ಲೇ ಕೂತು ನೋಡಿದೆ. ಅದು ಕೇಳುತ್ತದೆ. ಅಂಬು ಯೋಚಿಸುತ್ತಾಳೆ, ತುಟಿ ಅಲುಗಿಸುತ್ತಾಳೆ… ಅಷ್ಟರಲ್ಲಿ ಅದು ತಾನೇ ಉತ್ತರ ಹೇಳಿ, ತಾನೇ ಚಪ್ಪಾಳೆ ತಟ್ಟಿ, ಮುಂದಿನ ಹಾಡು! ಕಾಯುವುದೇ ಇಲ್ಲ. ನನ್ನ ಮಗಳು ನಿಧಾನ. ಅವಳಿಗೆ ಕಾಯುವವರು ಬೇಕು.

ಮೊದಲು ‘ನೀರು’ ಅನ್ನುತ್ತಿದ್ದಳು. ಈಗ ಬೆರಳು ತೋರಿಸುತ್ತಾಳೆ.

ಗುರುವಾರ ಅಜ್ಜಿ–ಮೊಮ್ಮಗಳು ಲೋಕಲ್‌ನಲ್ಲಿ ಕಾಟನ್ ಗ್ರೀನ್‌ಗೆ ಹೋಗುವುದು ರೂಢಿ. ಅಲ್ಲಿ ಅತ್ತೆಯ ತಂಗಿ ಚನ್ನವ್ವನ ಮನೆ. ಗಾಡಿಯ ಅನೌನ್ಸ್‌ಮೆಂಟ್ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಮುಗಿದ ಮೇಲೆ ಅತ್ತೆ ಅದನ್ನೇ ಕನ್ನಡದಲ್ಲಿ ಡಂಗುರ ಸಾರುತ್ತಾರೆ, ಇಡೀ ಡಬ್ಬಿಗೆ ಕೇಳುವಂತೆ. ಜೊತೆಗಿದ್ದರೆ ನನಗೆ ಮುಜುಗರ, ಅಂಬುಗೆ ಹಬ್ಬ. ಈ ವಾರ ಹೋದರು, ಡಂಗುರ ಮಾತ್ರ ಇಲ್ಲ. ಚನ್ನವ್ವ ಫೋನ್ ಮಾಡಿ ಕೇಳಿದಳು — “ಅಕ್ಕಗ ಏನಾಗೇತಿ? ಮೂಕಿ ಆಗ್ಯಾಳ.”

ಬಸುಗೆ ಹೇಳಿದೆ. “ಟೈಮ್ ಕೊಡು ರೂಪಾ” ಅಂದ. ಆ ಲ್ಯಾಪ್‌ಟಾಪಿಗೆ ಟೈಮ್ ಕೊಡಬೇಕಂತೆ! ಜಗಳ.

ಡಿಸೆಂಬರ್ 7, ಶನಿವಾರ. ಸಂಜೆ

ಕ್ರಮವಾಗಿ ಬರೆಯುತ್ತೇನೆ.

ಇವತ್ತು ಇಂಟರಾಕ್ಷನ್. ಸ್ಕೂಲು ಫೋರ್ಟ್ ಕಡೆ. ಬಸುಗೆ ರಜೆ ಸಿಗಲಿಲ್ಲ. ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಒಳಗೆ ಟೀಚರ್ ಪ್ಲಾಸ್ಟಿಕ್ ಆಕಳು ಕೊಟ್ಟು “ವಾಟ್ ಈಸ್ ದಿಸ್?” ಎಂದರು. ಒಳ್ಳೆ ಹೆಂಗಸು, ನಗುಮುಖ. ಅಂಬು ಆಕಳನ್ನು ತಿರುಗಿಸಿದಳು. ಬೋರಲು ಹಾಕಿದಳು. ಹೊಟ್ಟೆಯ ಕೆಳಗೆ ಬೆರಳಾಡಿಸಿದಳು. ಗುಂಡಿ ಹುಡುಕುತ್ತಿದ್ದಾಳೆ! ಆಕಳು ತಾನೇ ಹೇಳಲಿ ಅಂತ.

ಟೀಚರ್ ನಕ್ಕರು. ನನಗೆ ಅಳು ಬಂತು.

ವಾಪಸ್ ಲೋಕಲ್. ಲೇಡೀಸ್ ಡಬ್ಬಿ. ರೇ ರೋಡ್ ದಾಟುವವರೆಗೆ ತುಟಿ ಕಚ್ಚಿಕೊಂಡಿದ್ದೆ. ಆಮೇಲೆ ಆಗಲಿಲ್ಲ.

“ಅತ್ತೀ, ಕೀಲಿ ತಗೀರಿ. ಮಾತಾಡ್ರಿ ಆಕಿ ಜೋಡಿ.”

“ಬಸು ಬೈತಾನ.”

“ಬೈಲಿ. ನಾ ನೋಡ್ಕೋತೀನಿ.”

ಕಾಟನ್ ಗ್ರೀನ್ ಬಿಟ್ಟಿತು. ಮೇಲಿನ ಸ್ಪೀಕರಿನಲ್ಲಿ ಮೂರು ಭಾಷೆ ಮುಗಿಯಿತು. ಅತ್ತೆ ಗಂಟಲು ಸರಿಮಾಡಿಕೊಂಡು, “ಮುಂದಿನ ಟೇಶನ್ನ…” ಎಂದು ನಿಲ್ಲಿಸಿದರು. ಕಾದರು. ಅಂಬುವಿನ ಮುಖವನ್ನೇ ನೋಡುತ್ತ, ಸುಮ್ಮನೆ ಕಾದರು.

“ಶಿವಡಿ!” ಎಂದಳು ನನ್ನ ಮಗಳು. ಸೀಟಿನ ಮೇಲೆ ಎದ್ದು ನಿಂತಳು. “ಪುಢೀಲ್ ಸ್ಟೇಷನ್ ಶಿವಡಿ. ಅಗ್ಲಾ ಸ್ಟೇಷನ್ ಶಿವಡಿ. ನೆಕ್ಸ್ಟ್ ಸ್ಟೇಷನ್ ಸ್ಯೂರಿ. ಇಳಿಯೋರು ಲಗೂನ ಬಾಗಲಕ ಬರ್ರೀ!”

ಮೂರು ಭಾಷೆಗೆ ಮೂರು ದನಿ. ನಾಲ್ಕನೆಯದಕ್ಕೆ ಥೇಟ್ ಅಜ್ಜಿಯ ದನಿ.

ಬಾಗಿಲ ಬಳಿ ತೂಕಡಿಸುತ್ತಿದ್ದ ಮೀನು ಮಾರುವ ಹೆಂಗಸು ದಿಗ್ಗನೆ ಎದ್ದು ಬುಟ್ಟಿ ಎತ್ತಿಕೊಂಡಳು. “ಶಿವಡೀ ಆಲಂ? ಥ್ಯಾಂಕ್ಯೂ ಗ ಬಾಳಾ!” ಶಿವಡಿ ಬಂತೇ, ಥ್ಯಾಂಕ್ಯೂ ಮಗೂ ಎಂದು ಇಳಿದೇ ಹೋದಳು. ಇಡೀ ಡಬ್ಬಿ ಚಪ್ಪಾಳೆ. ಎದುರಿನ ಹುಡುಗಿ ಕೇಳಿದಳು — ಕೊನೆಯದು ಯಾವ ಭಾಷೆ? “ಕನ್ನಡ. ಆಮಚೀ” ಎಂದೆ, ನಮ್ಮದು ಅಂತ. ಸ್ವಲ್ಪ ಜೋರಾಗಿಯೇ ಎಂದೆ.

ಹೆಮ್ಮೆ. ಬೇರೆ ಪದ ಗೊತ್ತಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಧೂಳ ಭಾಳ ಐತಿ” ಎಂದರು. ನನಗೂ ಧೂಳು ಬಿದ್ದಿತ್ತು.

ಡಿಸೆಂಬರ್ 12, ಗುರುವಾರ

ಸ್ಕೂಲಿನಿಂದ ಮೆಸೇಜ್. ವೇಟಿಂಗ್ ಲಿಸ್ಟ್. ಕಾಯಲಿ ಬಿಡಿ, ನನ್ನ ಮಗಳಿಗೋಸ್ಕರ ಅವರೂ ಸ್ವಲ್ಪ ಕಾಯಲಿ. ವಡಾಲದಲ್ಲೂ ಬೇಕಾದಷ್ಟು ಸ್ಕೂಲುಗಳಿವೆ.

ಲ್ಯಾಪ್‌ಟಾಪ್ ಗುಲಾಫಶಾಗೆ ವಾಪಸ್. ಬಸುಗೆ ಹೇಳಿದೆ — ಬರ್ತ್‌ಡೇಗೆ ಅದು ಬೇಡ. ಅವನು ಬಾಯಿ ತೆರೆಯುವಷ್ಟರಲ್ಲಿ ಅಂಬು ಸೋಫಾ ಹತ್ತಿ, “ಟಿಕೀಟ್ ತೋರ್ಸ್ರಿ!” ಎಂದಳು. ಜೇಬೆಲ್ಲ ತಡಕಾಡಿದ. ಟಿಕೆಟ್ ಇಲ್ಲ. ಅಲ್ಲಿಗೆ ಇಂಗ್ಲಿಷ್ ಕಾಯಿದೆಯೂ ಇಳಿದು ಹೋಯಿತು.

ಡಿಸೆಂಬರ್ 22, ಭಾನುವಾರ. ಸಂಜೆ

ಮೂರು ತುಂಬಿತು ನನ್ನ ಹೆಗ್ಗಣಕ್ಕೆ. ಕೇಕ್ ಆಯಿತು, ಅತ್ತೆಯ ಹೋಳಿಗೆಯೂ ಆಯಿತು. ಗುಲಾಫಶಾ, ರೋಶನ್ ಬಂದರು. ರೋಶನ್ ಕಂಕುಳಲ್ಲಿ ಅದೇ ಲ್ಯಾಪ್‌ಟಾಪ್.

ಈಗ ಹಾಲ್‌ನಲ್ಲಿ ಸ್ಟೂಲು, ಕುರ್ಚಿ, ಅಕ್ಕಿ ಡಬ್ಬ ಎಲ್ಲ ಸಾಲಾಗಿ ನಿಂತಿವೆ. ಮುಂದೆ ಲ್ಯಾಪ್‌ಟಾಪ್ — ಮೋಟರ್‌ಮನ್ ರೋಶನ್ ಅದರ ಗುಂಡಿ ಒತ್ತಿದರೆ ಗಾಡಿ ಹೊರಡುತ್ತದೆ. ‘ಕೌ’ ಎಂದರೆ ಹಾರ್ನ್ ಅಂತೆ. ಕೊನೆಗೂ ಅದಕ್ಕೊಂದು ಕೆಲಸ ಸಿಕ್ಕಿತು. ಅತ್ತೆಗೆ ಕಿಟಕಿ ಸೀಟು. ಬಸು ಪರದೆಯ ಸರಳು ಹಿಡಿದು ನಿಂತಿದ್ದಾನೆ, ಸೀಟು ಸಿಕ್ಕಿಲ್ಲ ಪಾಪ.

ಒಂದು ಸ್ಟೂಲು ಖಾಲಿ ಇದೆ. ಅದರ ಮೇಲೆ ಯಾರನ್ನೂ ಕೂರಗೊಡುತ್ತಿಲ್ಲ ಅಂಬು. ಗಾಡಿಯನ್ನೂ ಬಿಡಗೊಡುತ್ತಿಲ್ಲ. ಯಾರಿಗೋ ಕಾಯುತ್ತಿದ್ದಾಳೆ.

“ಅವ್ವಾ! ಬಾ ಲಗೂನ!”

ಬಂದೆ, ಇದೊಂದು ಸಾಲು—