ರೆಕ್ಕೆಯ ರಬ್ಬರು ಚುಚ್ಚಿದವರು

ಮಂಡಕಳ್ಳಿ ವಿಮಾನ ನಿಲ್ದಾಣ, ಮೈಸೂರು

ಗೌರಕ್ಕಾ, ನಮಸ್ಕಾರ. ಇಲ್ಲಿ ಎಲ್ಲವೂ ಕ್ಷೇಮವೆಂದು ಹೇಳುತ್ತಾರೆ, ನನಗೆ ನಂಬಿಕೆಯಿಲ್ಲ.

ನಾನು ರಿಪೇರಿ ಮಾಡಲು ಬಂದಿರುವುದು ಎರಡು ಎಂಜಿನ್‌ಗಳ ಸಣ್ಣ ವಿಮಾನ. ಅದರ ರೆಕ್ಕೆಗಳ ಮುಂದಿನ ಅಂಚಿಗೆ ಕಪ್ಪು ರಬ್ಬರಿನ ಪಟ್ಟಿ ಅಂಟಿಸಿರುತ್ತಾರೆ. ಚಳಿ ಸೀಮೆಯಲ್ಲಿ ಹಾರುವಾಗ ಅಲ್ಲಿ ಮಂಜುಗಡ್ಡೆ ಕಟ್ಟಿದರೆ, ಪಟ್ಟಿಯೊಳಗೆ ಗಾಳಿ ತುಂಬಿ ಉಬ್ಬಿಸಿ ಆ ಗಡ್ಡೆಯನ್ನು ಒಡೆದು ಉದುರಿಸಬೇಕು. ಇಲ್ಲದಿದ್ದರೆ ವಿಮಾನವೇ ಉದುರುತ್ತದೆ. ಮುಂದಿನ ವಾರ ಇದು ಕಾಶ್ಮೀರಕ್ಕೆ ಹೋಗಬೇಕು, ಎಡಗಡೆಯ ಪಟ್ಟಿ ಉಬ್ಬುತ್ತಲೇ ಇರಲಿಲ್ಲ. ಸಾಬೂನು ನೀರು ಬಳಿದು ನೋಡಿದರೆ ಗೇಣಿಗೊಂದು ಗುಳ್ಳೆ, ಸಾಲಾಗಿ! ಇಲಿ ಇಷ್ಟು ಅಚ್ಚುಕಟ್ಟಾಗಿ ಕಚ್ಚುವುದಿಲ್ಲ. ಯಾರೋ ಬೇಕೆಂದೇ ಚುಚ್ಚಿದ್ದಾರೆಂದು ಕಾವಲುಗಾರ ಮರಿಸ್ವಾಮಿಯನ್ನು ಹಿಡಿದು ಗದರಿಸಿದೆ.

"ಆಯುಧಪೂಜೆ ದಿನ ಹಾರ ಜಾರಿ ಜಾರಿ ಬೀಳ್ತಿತ್ತು ಸ್ವಾಮಿ, ಗುಂಡುಸೂಜಿ ಚುಚ್ಚಿ ನಿಲ್ಸ್‌ಬುಟ್ಟೆ. ಇಷ್ಟ್ ದೊಡ್ಡ ಇಮಾನಕ್ಕೆ ಅದೇನ್ ನೋವಾಯ್ತದಾ?" ಎಂದ.

ಹಾಗಾದರೆ ಬಲಗಡೆ ಯಾಕೆ ತೂತಿಲ್ಲ ಎಂದು ಕೇಳಿದೆ.

"ಹೂವ ಸಾಲ್ನಿಲ್ಲ ಸ್ವಾಮಿ."

ತೇಪೆ ಹಾಕಿ ಮತ್ತೆ ಸಾಬೂನು ನೀರು ಬಳಿದೆ. ಈಗ ಒಂದು ಗುಳ್ಳೆಯೂ ಇಲ್ಲ.

ನನ್ನ ನೆಗಡಿ ಬಿಟ್ಟಿಲ್ಲ, ಕಷಾಯದ ಪುಡಿ ಕಳಿಸು. ಪಾರ್ಸೆಲ್ಲನ್ನು ಬಿಗಿಯಾಗಿ ಹೊಲಿ, ದಾರಿಯಲ್ಲಿ ಯಾರಾದರೂ ಬಿಚ್ಚಿಯಾರು.

ಇಲ್ಲಿಗೆ ನಿಲ್ಲಿಸುತ್ತೇನೆ. ರಿಪೇರಿಯಾದ ಖುಷಿಗೆ ಮರಿಸ್ವಾಮಿ, ಈ ಸಲ ಎರಡೂ ರೆಕ್ಕೆಗೆ ಸಾಲುವಷ್ಟು ಸೇವಂತಿಗೆ ಹಾರ ಹೊತ್ತು ವಿಮಾನದ ಕಡೆ ಹೊರಟಿದ್ದಾನೆ. ತುಟಿಗಳ ನಡುವೆ ಏನೋ ಕಚ್ಚಿಕೊಂಡಿದ್ದಾನೆ, ಬಿಸಿಲಿಗೆ ಮಿಂಚುತ್ತಿದೆ.

ನಿನ್ನ ತಮ್ಮ,
ಚನ್ನವೀರ