ಅಪ್ಪನ ಹರಕೆಯ ತಗಡುಗಳು

ಸಾನ್ ಇಸಿದ್ರೊ, ಗ್ವಾನಹ್ವಾತೊ
ಜೂನ್ 9, ಸೋಮವಾರ

ಪ್ರೀತಿಯ ತಮ್ಮ ಎವಾರಿಸ್ತೊ,

ಹೇಗಿದ್ದೀಯಪ್ಪಾ? ತಿಹುವಾನಾದ ಗಾಳಿಗೆ ನಿನ್ನ ಕೆಮ್ಮು ಕಡಿಮೆಯಾಯಿತೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಈಗಲೂ ಬರೀ ಕಾಫಿಯಲ್ಲೇ ದಿನ ದೂಡುತ್ತೀಯೋ? ನಾನು ಚೆನ್ನಾಗಿದ್ದೇನೆ. ಅಪ್ಪನ ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣೂ ಮಳೆಗಾಲ ದಾಟುವುದಿಲ್ಲ, ಆಪರೇಷನ್ನಿನಿಂದಲೂ ಉಪಯೋಗವಿಲ್ಲ ಎಂದರು ಡಾಕ್ಟರು. ನನಗೆ ತುಂಬಾ ಭಯವಾಗಿದೆ. ಅವರ ಕೋಪ ಮಾತ್ರ ಮೂಗಿನ ತುದಿಯಲ್ಲೇ ಇದೆ, ಅದಕ್ಕೆ ಯಾವ ಪೊರೆಯೂ ಬಂದಿಲ್ಲ. ಜಗಳವಾಡಿ ನೀನು ಮನೆ ಬಿಟ್ಟು ಹನ್ನೊಂದು ವರ್ಷ. ಅವರು ನಿನ್ನ ಹೆಸರೆತ್ತುವುದಿಲ್ಲ, ನೀನೂ ಅಷ್ಟೆ. ಅವರಿಗೆ ಕಣ್ಣಿರುವಾಗ ಒಮ್ಮೆ ನೀನು ಬರಬೇಕು ಎಂಬುದೊಂದೇ ನನ್ನ ಆಸೆ.

ನಾನಿರುವ ಟಿವಿ ಅಂಗಡಿಯಲ್ಲಿ ಈಗ ಹೊಸ ಕೆಲಸ. ನೋಡದಿರುವಾಗ ಗೋಡೆಯ ಚಿತ್ರಪಟದಂತೆ ಕಾಣುವ ಟಿವಿ ಬಂದಿದೆಯಲ್ಲ, ಅದಕ್ಕೆ ಜನರ ಚಿತ್ರಗಳನ್ನು ಹೊಂದಿಸಿಕೊಡುತ್ತೇನೆ. ಔಷಧಿ ಅಂಗಡಿಯ ದೋನ್ಯಾ ಒರ್ತೆನ್ಸಿಯಾಳ ಗಂಡ ಗಣಿ ಕುಸಿತದಿಂದ ಬದುಕಿ ಬಂದಾಗ ದೇವಮಾತೆಗೆ ಕೃತಜ್ಞತೆಯಾಗಿ ಅಪ್ಪ ಚಿತ್ರ ಬರೆದುಕೊಟ್ಟ ಹರಕೆಯ ತಗಡು ಇಗರ್ಜಿಯಲ್ಲಿದೆಯಲ್ಲ, ತನ್ನ ಟಿವಿಗೆ ಅದರ ಫೋಟೋವೇ ಬೇಕೆಂದಳು. ಟಿವಿ ಅಗಲ, ತಗಡು ಎತ್ತರ. ಪರದೆ ತುಂಬಿಸುವ ಆಸೆಗೆ ಮೇಲಿನ ಮಾತೆಯನ್ನೂ ಕೆಳಗಿನ ಕೃತಜ್ಞತೆಯ ಸಾಲುಗಳನ್ನೂ ಕತ್ತರಿಸಿಬಿಟ್ಟೆ. ಬೆಳಕನ್ನೂ ತಗ್ಗಿಸಿದೆ, ಇಲ್ಲದಿದ್ದರೆ ಕೈಯಿಂದ ಬರೆದ ಚಿತ್ರದಂತೆ ಕಾಣುವುದಿಲ್ಲ.

ಅಪ್ಪ ಅಂಗಡಿಗೆ ಬಂದು, "ಕೆಳಗಡೆ ಬರ್ದಿರೋದು ಓದೇ, ಕೇಳೋಣ" ಎಂದರು. ಓದಲು ಏನೂ ಉಳಿದಿರಲಿಲ್ಲ. ತಪ್ಪೊಪ್ಪಿಕೊಂಡೆ. "ಕಾಪಾಡಿದ್ದು ಯಾರು ಅಂತಿಲ್ಲ, ಬದುಕಿದ್ದು ಯಾರು ಅಂತಿಲ್ಲ. ಹರಕೇನಾ ಇದು, ಸಾಬೂನಿನ ಕ್ಯಾಲೆಂಡರಾ?" ಎಂದು ಗಿರಾಕಿಗಳ ಎದುರೇ ಬೈದರು. ಬೈದದ್ದು ಸರಿಯೇ. ತಗಡನ್ನು ಇಡಿಯಾಗಿ ನಡುವೆ ನಿಲ್ಲಿಸಿ, ಎರಡೂ ಬದಿಗೆ ಸುಣ್ಣದ ಗೋಡೆಯ ಬಣ್ಣ ತುಂಬಿದೆ. ಅವರಿಗಾಗಿ ಬೆಳಕನ್ನು ಪೂರ್ತಿ ಏರಿಸಿದೆ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, "ಈ ನೀಲಿ ನಾನೇ ಅರೆದದ್ದು ಕಣೇ" ಎಂದು ಅತ್ತುಬಿಟ್ಟರು. ಎರಡು ವರ್ಷದಿಂದ ತಮ್ಮ ಕೆಲಸವನ್ನೇ ಅವರು ಕಂಡಿರಲಿಲ್ಲ. ನಾನೂ ಅತ್ತೆ. ಮರುದಿನ ಹಾಸಿಗೆಯಡಿಯಿಂದ ಇನ್ನೊಂದು ತಗಡು ತಂದು, "ಇದನ್ನೂ ಹಾಕು, ಯಾರ್ಗೂ ಹೇಳ್ಬೇಡ" ಎಂದರು.

ಗಿರಾಕಿ ಬಂದರು, ನಿಲ್ಲಿಸುತ್ತೇನೆ. ನಿನ್ನ ಹೆಂಡತಿಗೂ ಮಗುವಿಗೂ ನನ್ನ ಮುತ್ತು. ಮಾತೆ ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ,
ಒತೀಲಿಯಾ

ತಾ.ಕ.: ಹೇಳಬೇಡ ಎಂದಿದ್ದರೂ ಹೇಳುತ್ತೇನೆ. ಕಣ್ಣು ಮಂಜಾಗುವ ಮೊದಲೇ ಅವರು ಬರೆದಿಟ್ಟ ಆ ತಗಡಿನಲ್ಲಿರುವುದು ನಮ್ಮ ಮನೆಯ ಬಾಗಿಲು, ಚೀಲ ಹೊತ್ತು ಒಳಗೆ ಬರುತ್ತಿರುವವನು ನೀನು. ಬೇಡಿದ್ದು ಕೈಗೂಡುವವರೆಗೆ ಯಾರ ತಗಡಿಗೂ ಕುಂಚ ಮುಟ್ಟಿಸದ ಅಪ್ಪ, ನೀನು ಬರುವ ಮೊದಲೇ ಮಾತೆಗೆ ಕೃತಜ್ಞತೆ ಬರೆದುಬಿಟ್ಟಿದ್ದಾರೆ. ಮುಖದ ಜಾಗ ಮಾತ್ರ ಖಾಲಿ. ಈಗ ಹೇಗಾಗಿದ್ದೀಯೋ ಗೊತ್ತಿಲ್ಲವಂತೆ. ಫೋಟೋ ತರಿಸಲೇ ಎಂದು ಕೇಳಿದೆ. "ಫೋಟೋ ಯಾವನಿಗ್ ಬೇಕು? ಅವ್ನೇ ಬಂದು ನನ್ನ ಮುಂದೆ ಕೂತ್ಕೊಳ್ಲಿ" ಎಂದರು. ಈ ತಿಂಗಳೇ ಬಾ.