ಚೆಂದದ ದಿನವೆನ್ನಬೇಡಿ

ಹವಾಮಾನ ವಾರ್ತಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಬರುವ ಭಾನುವಾರ ನಮ್ಮ ಕರಾವಳಿಯಲ್ಲಿ ಬಿಸಿಲು ಮೂವತ್ತಾರು ಡಿಗ್ರಿಗೆ ಏರಲಿದೆಯೆಂದು ನಿನ್ನೆ ಸಂಜೆ ನಿಮ್ಮ ವಾಹಿನಿ ತಿಳಿಸಿತು. ಅದಕ್ಕೆ ನನ್ನ ತಕರಾರಿಲ್ಲ, ನನ್ನ ಲೆಕ್ಕವೂ ಅಲ್ಲಿಗೇ ಬರುತ್ತದೆ. ಆದರೆ ಆ ಅಂಕಿಯನ್ನು ಹೇಳಿದ ಬಾಯಿ, ಮಾತು ಆರುವ ಮೊದಲೇ, ‘ಚೆಂದದ ದಿನ, ಮನೆಯೊಳಗೆ ಕೂತು ಹಾಳುಮಾಡಿಕೊಳ್ಳಬೇಡಿ’ ಎಂದಿತು. ನನ್ನ ಜಗಳ ಆ ‘ಚೆಂದ’ದ ಮೇಲೆ. ಅದು ನನ್ನ ಅಕ್ಕನನ್ನು ಒಮ್ಮೆ ಕೊಲ್ಲಲು ನೋಡಿದೆ. ಭಾನುವಾರ ಇನ್ನೊಮ್ಮೆ ನೋಡಲಿದೆ.

ನಾನು ತಜ್ಞನಲ್ಲ, ಹವೆಯ ಹುಚ್ಚು ಹಿಡಿದವನು. ಇಂಗ್ಲೆಂಡಿನ ಲಿಂಕನ್‌ಶೈರ್ ಕಡಲಂಚಿನ ಸ್ಕಾರ್ಬಿಯಲ್ಲಿ ನನ್ನ ಹಿತ್ತಿಲ ಹುಲ್ಲಿನ ಮೇಲೆ ನಾಲ್ಕು ಕಾಲಿನ ಬಿಳಿ ಪೆಟ್ಟಿಗೆಯೊಂದು ನಿಂತಿದೆ. ಗಾಳಿ ಆಡಲೆಂದು ಅದರ ಬದಿಗಳಿಗೆ ಓರೆಪಟ್ಟಿ ಹೊಡೆದಿದೆ. ಒಳಗೆ ಉಷ್ಣಮಾಪಕ ತೂಗುತ್ತದೆ. ಪಕ್ಕದ ಮನೆಯವರು ಅದನ್ನು ಜೇನುಪೆಟ್ಟಿಗೆ ಎಂದುಕೊಂಡು ಮೊದಲ ವರ್ಷ ಖಾಲಿ ಬಾಟಲಿ ಹಿಡಿದು ಬಂದಿದ್ದರು. ಜೇನಿಲ್ಲವೆಂದಾಗ ನಂಬಲಿಲ್ಲ, ಜಿಪುಣ ಎಂದುಕೊಂಡರು. ದಿನಾ ಬೆಳಿಗ್ಗೆ ಆ ಪೆಟ್ಟಿಗೆಯ ಬಾಗಿಲು ತೆರೆಯುವುದು ನನಗೆ ಪ್ರಾರ್ಥನೆಯಿದ್ದ ಹಾಗೆ. ಇತ್ತೀಚಿನ ವರ್ಷಗಳಲ್ಲಿ ಅದು ವೈದ್ಯರ ಕೋಣೆಯ ಬಾಗಿಲಿನಂತೆ ಕಾಣುತ್ತಿದೆ.

ನಮ್ಮ ಬೇಸಿಗೆ ಹೇಗಿತ್ತೆಂದು ನಿಮಗೆ ಗೊತ್ತಿರಬೇಕು, ಮರೆತಿದ್ದೀರಿ. ಆಗಸ್ಟಿನಲ್ಲಿ ಅಪ್ಪ ಕಾರನ್ನು ಸಮುದ್ರಕ್ಕೆ ಮುಖಮಾಡಿ ನಿಲ್ಲಿಸುತ್ತಿದ್ದರು. ಹೊರಗೆ ಸೋನೆ. ಒಳಗೆ ಮೊಟ್ಟೆಯ ಸ್ಯಾಂಡ್‌ವಿಚ್, ಫ್ಲಾಸ್ಕಿನ ಚಹಾ, ಒದ್ದೆ ನಾಯಿಯ ವಾಸನೆ, ನಮ್ಮ ಉಸಿರಿಗೇ ಮಬ್ಬಾದ ಗಾಜು. ಅಪ್ಪ ಅಂಗೈಯಿಂದ ಗಾಜಿನಲ್ಲಿ ಒಂದು ಕಿಂಡಿ ಒರೆಸಿ, “ಅಲ್ನೋಡ್ರೋ, ಆ ಕಡೆ ಮೋಡ ತೆಳುವಾಗ್ತಾ ಇದೆ” ಎನ್ನುತ್ತಿದ್ದರು. ತೆಳುವಾಗುತ್ತಿರಲಿಲ್ಲ. ಆದರೂ ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ಆ ಬೇಸಿಗೆಯನ್ನು ನಾವು ಅನುಭವಿಸಲಿಲ್ಲ, ನಂಬಿದೆವು. ಮಳೆಗೆ ನಮ್ಮ ನಾಲಿಗೆಯ ಮೇಲೆ ಹತ್ತಾರು ಹೆಸರುಗಳಿವೆ: ತುಂತುರು, ಜಿಟಿಜಿಟಿ, ಸೋನೆ, ಜಡಿ, ಇನ್ನೂ ಏನೇನೋ. ಬಿಸಿಲಿಗೆ ಇರುವುದು ಒಂದೇ ಹೆಸರು, ಚೆಂದ. ಅಪರೂಪಕ್ಕೆ ಬರುವ ಅತಿಥಿಗೆ ಹೆಚ್ಚು ಹೆಸರು ಬೇಕಿರಲಿಲ್ಲ. ಈಗ ಅತಿಥಿ ಮನೆಯೊಳಗೆ ನುಗ್ಗಿ ಕುತ್ತಿಗೆ ಹಿಡಿದಿದ್ದಾನೆ. ನೀವು ಇನ್ನೂ ಅದೇ ಹೆಸರಿನಿಂದ ಕರೆದು ಕುರ್ಚಿ ಹಾಕುತ್ತಿದ್ದೀರಿ.

ನಮ್ಮ ಜನದ ಇನ್ನೊಂದು ಗುಣವೂ ನಿಮಗೆ ತಿಳಿದದ್ದೇ. ಯಾರಾದರೂ ‘ಚೆಂದದ ದಿನ, ಅಲ್ವಾ?’ ಎಂದರೆ ‘ಅಲ್ಲ’ ಎನ್ನುವ ಹಾಗಿಲ್ಲ. ಅದು ಪ್ರಶ್ನೆಯೇ ಅಲ್ಲ, ನಮಸ್ಕಾರ. ದೇವರಿದ್ದಾನೆಯೇ ಎಂಬ ಬಗ್ಗೆ ಅಪರಿಚಿತನೊಡನೆ ವಾದಿಸಬಹುದು, ಹವೆಯ ಬಗ್ಗೆ ಕೂಡದು. ಕಳೆದ ವಾರ ಅಂಚೆ ಕಚೇರಿಯ ಸಾಲಿನಲ್ಲಿ ಹಿಂದಿದ್ದ ಹೆಂಗಸು ಹಾಗೆಂದಾಗ ನಾನು “ಇಲ್ಲಮ್ಮ, ಇದು ಒಳ್ಳೇದಲ್ಲ” ಎಂದೆ. ಇಡೀ ಸಾಲು ನೆಲ ನೋಡಿತು. ಆಕೆ ತನ್ನ ಚೀಲವನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಇಂಥ ಜನದ ಮುಂದೆ ದಿನಾ ಸಂಜೆ ನಿಂತು, ಅವರು ಇಲ್ಲವೆನ್ನಲಾರದ ಪದವನ್ನೇ ನೀವು ಆರಿಸಿಕೊಂಡಿದ್ದೀರಿ. ಇದು ಅಜ್ಞಾನವೋ, ಜಾಣತನವೋ?

ಈಗ ಅಕ್ಕನ ಕತೆ. ದೇಶದಲ್ಲಿ ಮೊದಲ ಸಲ ಪಾದರಸ ನಲವತ್ತು ದಾಟಿದ ಆ ಜುಲೈ ನಿಮಗೆ ನೆನಪಿರಬಹುದು. ನಿಮ್ಮ ಭೂಪಟ ಕಡುಗೆಂಪಾಗಿತ್ತು, ಮಾತು ಮಾತ್ರ ಸಕ್ಕರೆ. ಅಕ್ಕ ಪೌಲಿನ್ ಮತ್ತು ಭಾವ ಕೀತ್ ಇದೇ ಊರಿನವರು. ಕಡಲ ದಂಡೆಯಲ್ಲಿ, ರಜೆಯ ಹಗಲು ಕಳೆಯಲು, ಅವರದೊಂದು ಪುಟ್ಟ ಮರದ ಗೂಡಿದೆ. ಕೆಟಲ್, ಬಟ್ಟೆಯ ಕುರ್ಚಿಗಳು, ಗಾಳಿ ತಡೆಯುವ ಪಟ್ಟೆಪಟ್ಟೆಯ ಬಟ್ಟೆ, ಇಷ್ಟೇ ಅದರ ಆಸ್ತಿ. ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಎಲ್ಲ ಕಿಟಕಿಗಳೂ ಬಾಯಿ ತೆರೆದಿದ್ದವು. ಬೆಂಕಿಯಂಥ ಗಾಳಿಯನ್ನು ಮನೆಯೊಳಗೆ ಕರೆದು ಕೂರಿಸಿಕೊಳ್ಳುವ ಜನ ನಾವು.

“ಅಕ್ಕ, ಇವತ್ತು ಬೇಡ. ಕಿಟಕಿ ಮುಚ್ಚು, ಪರದೆ ಎಳಿ, ಒಳಗಿರು.”

“ಪರದೆನಾ? ಹಗಲು ಹೊತ್ತಲ್ಲಿ? ಬೀದಿಯವರು ಯಾರೋ ಸತ್ತಿದ್ದಾರೆ ಅಂದ್ಕೋತಾರೆ ಕಣೋ.”

“ಯಾರೂ ಸಾಯಬಾರದು ಅಂತಲೇ ಹೇಳ್ತಿರೋದು.”

“ಟಿವಿಯ ಆ ಹುಡುಗಿ ಚೆಂದದ ದಿನ ಅಂದ್ಳಲ್ಲ? ಅವಳಿಗಿಂತ ನಿನ್ನ ಜೇನುಪೆಟ್ಟಿಗೆಗೆ ಜಾಸ್ತಿ ಗೊತ್ತಾ?” ಸ್ಯಾಂಡ್‌ವಿಚ್ಚಿಗೆ ಬೆಣ್ಣೆ ಸವರುತ್ತಲೇ ಅಕ್ಕ ನಕ್ಕಳು. ಬೆಣ್ಣೆ ತಟ್ಟೆಯಲ್ಲೇ ಕರಗಿ ನೀರಾಗಿತ್ತು. “ಎಪ್ಪತ್ತಾರನೇ ಇಸವಿ ಬೇಸಿಗೆ ಮರೆತ್ಯಾ? ಅಡುಗೆ ಎಣ್ಣೆಗೆ ವಿನೆಗರ್ ಸೇರಿಸಿ ಮೈಗೆಲ್ಲ ಹಚ್ಕೊಂಡು ಬಿಸಿಲಲ್ಲಿ ಬಿದ್ಕೊಂಡಿದ್ವಿ. ಸತ್ತೋದ್ವಾ?”

“ನಿಂಗಾಗ ಇಪ್ಪತ್ತು ವರ್ಷ, ಅಕ್ಕ.”

“ಈಗ್ಲೂ ಅಷ್ಟೇ ಅನ್ಸುತ್ತೆ, ನೀನು ಬಾಯ್ಬಿಡದೇ ಇದ್ರೆ.”

ಭಾವ ನನ್ನ ಹೆಗಲು ತಟ್ಟಿದ. “ವರ್ಷಕ್ಕೆ ಎರಡು ದಿನ ಬಿಸಿಲು ಬರುತ್ತೆ ಕಣಯ್ಯ. ಅದನ್ನೂ ಬೈಬೇಡ, ಓಡೋಗುತ್ತೆ.”

ಮಧ್ಯಾಹ್ನದ ಹೊತ್ತಿಗೆ, ದಂಡೆಯ ಗೂಡಿನ ಮುಂದೆ, ಅಕ್ಕ ಕುರ್ಚಿಯಲ್ಲಿ ಕಣ್ಣುಮುಚ್ಚಿದಳು. ಭಾವ ನಿದ್ದೆಯೆಂದುಕೊಂಡ. ಬಿಸಿಲಲ್ಲಿ ನಿದ್ದೆಹೋದ ಹೆಂಡತಿಗಿಂತ ದೊಡ್ಡ ಸುಖದ ಚಿತ್ರ ನಮ್ಮ ಗಂಡಂದಿರಿಗೆ ಯಾವುದಿದೆ? ಮಾತು ತಗ್ಗಿಸಿದ, ಕೆಟಲ್ ಆರಿಸಿದ. ಸ್ವಲ್ಪ ಹೊತ್ತಿಗೆ ಗೂಡಿನ ನೆರಳು ಮೆಲ್ಲನೆ ಬಂದು ಅವಳ ಕಾಲನ್ನು ಮುಟ್ಟಿತು. ಪಾಪ, ಚಳಿಯಾದೀತು, ಬಿಸಿಲು ತಪ್ಪೀತು ಎಂದು, ಅವಳಿಗೆ ಎಚ್ಚರವಾಗದ ಹಾಗೆ ಕುರ್ಚಿಯನ್ನು ಎತ್ತಿ ಮತ್ತೆ ಬಿಸಿಲಿಗೆ ಇಟ್ಟ. ನೆರಳು ಮತ್ತೆ ಬಂತು. ಮತ್ತೆ ಇಟ್ಟ. ಬಳಿ ಬಂದ ನೆರಳನ್ನು ಪ್ರತಿ ಸಲವೂ ಪ್ರೀತಿಯಿಂದ ತಪ್ಪಿಸಿದ. ಕೊನೆಗೆ ಚಹಾಕ್ಕೆ ಎಬ್ಬಿಸಲು ಹೋದಾಗ ಅವಳ ಚರ್ಮ ಒಣಗಿ ಕಾದಿತ್ತು. ಬಾಯಲ್ಲಿ ಬಂದದ್ದು ಮಾತಾಗಿರಲಿಲ್ಲ.

ಅಕ್ಕ ಬದುಕಿದಳು. ಆಸ್ಪತ್ರೆಯಿಂದ ಬಂದದ್ದು ಅದೇ ಅಕ್ಕ ಎಂದು ನಾವೆಲ್ಲ ಹೇಳಿಕೊಂಡೆವು. ಮೂತ್ರಪಿಂಡ ಅರ್ಧ ಸೋತಿತ್ತು, ಹೃದಯ ಹೆದರಿತ್ತು. ಇಂಥದ್ದು ಇನ್ನೊಂದು ಸಲ ಆದರೆ ತಾವು ಮಾಡುವಂಥದ್ದು ಏನೂ ಉಳಿಯುವುದಿಲ್ಲವೆಂದು ವೈದ್ಯರು ಭಾವನ ಮುಖ ನೋಡದೆ ಹೇಳಿದರು. ಭಾವ ಆ ಮಧ್ಯಾಹ್ನದ ಬಗ್ಗೆ ಮಾತಾಡುವುದಿಲ್ಲ. ಒಮ್ಮೆ ಮಾತ್ರ, ಪಬ್ಬಿನಲ್ಲಿ, ತನ್ನ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತ, “ಭಾರ ಇರ್ಲಿಲ್ಲ ಕಣಯ್ಯ ಅವಳು. ಆರಾಮಾಗಿ ಎತ್ತಿದೆ” ಎಂದ. ನಾನು ಅವನ ಮೇಲೆ ಕೋಪಗೊಳ್ಳಲು ಪ್ರಯತ್ನಿಸಿದ್ದೇನೆ. ಆಗಲಿಲ್ಲ. ಆ ಕೋಪವನ್ನೆಲ್ಲ ಸರಿಯಾದ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಈ ವಿಷಯವಾಗಿ ಹಿಂದೊಮ್ಮೆ ನಾನು ಬರೆದಾಗ ನಿಮ್ಮ ಕಚೇರಿ ವಿನಯದಿಂದ ಉತ್ತರಿಸಿತ್ತು. ‘ಬೇಸಿಗೆಯ ಬಗ್ಗೆ ನಮ್ಮ ವೀಕ್ಷಕರಿಗಿರುವ ಉಲ್ಲಾಸಕ್ಕೆ ಧಕ್ಕೆ ತರಲು ಬಯಸುವುದಿಲ್ಲ.’ ಎಷ್ಟು ಸೂಕ್ಷ್ಮ ಮನಸ್ಸು! ಭೂಪಟದ ಕೆಂಪು ಹೆದರಿಸುತ್ತದೆಂದು ಕೆಲವರು ದೂರಿದರಂತೆ, ಆದ್ದರಿಂದ ಮಾತಿನಲ್ಲಾದರೂ ಹಗುರಾಗಿರಬೇಕಂತೆ. ಬೆಂಕಿ ಬಿದ್ದಾಗ ಗಂಟೆಯ ಸದ್ದು ಕರ್ಕಶವೆಂದು ಯಾರಾದರೂ ದೂರಿದರೆ ನೀವು ಕೊಳಲು ಊದಿಸುವಿರೇನು? ಸೆಕೆಗೆ ಜನ ಸತ್ತ ಸುದ್ದಿಯನ್ನು ಓದುವಾಗಲೂ ನಿಮ್ಮ ತೆರೆಯ ಮೇಲೆ ಐಸ್‌ಕ್ರೀಮ್ ನೆಕ್ಕುವ ಮಕ್ಕಳು, ಕಾರಂಜಿಯಲ್ಲಿ ಕುಣಿಯುವ ಹುಡುಗಿಯರು. ಹಿಮ ಬಿದ್ದು ಸತ್ತವರ ಸುದ್ದಿಗೆ ಹಿಮದ ಗೊಂಬೆ ತೋರಿಸಿದ್ದನ್ನು ನಾನು ಕಂಡಿಲ್ಲ.

ಇನ್ನು ನಿಮ್ಮ ‘ಸರಾಸರಿಗಿಂತ ತುಸು ಹೆಚ್ಚು’. ಯಾವ ಸರಾಸರಿ, ಸ್ವಾಮೀ? ಮೂವತ್ತು ವರ್ಷಗಳದ್ದು, ಹತ್ತು ವರ್ಷಕ್ಕೊಮ್ಮೆ ಮುಂದಕ್ಕೆ ಸರಿಯುವಂಥದ್ದು. ಅಳೆಯುವವರಿಗೆ ಅದು ಒಪ್ಪಿತ ಪದ್ಧತಿ, ಅದನ್ನು ನಾನು ಹಳಿಯುವುದಿಲ್ಲ. ನೀವು ಅದನ್ನು ಬಿಡಿಸಿ ಹೇಳದಿರುವುದನ್ನು ಹಳಿಯುತ್ತೇನೆ. ಭಾವನ ಬೆಲ್ಟಿಗೆ ಪ್ರತಿ ಕ್ರಿಸ್‌ಮಸ್ಸಿಗೂ ಹೊಸದೊಂದು ತೂತು ಬೀಳುತ್ತದೆ. ಆಮೇಲೆ ಹೊಟ್ಟೆಯ ಮೇಲೆ ಕೈಯಾಡಿಸಿ, “ನೋಡು, ಸರಿಯಾಗೇ ಕೂರುತ್ತೆ” ಎನ್ನುತ್ತಾನೆ. ನೀವು ದೇಶಕ್ಕೆಲ್ಲ ಆ ಬೆಲ್ಟು ಕಟ್ಟಿಸುತ್ತಿದ್ದೀರಿ. ನನ್ನ ಅಪ್ಪ ಬೆಚ್ಚಿಬೀಳುತ್ತಿದ್ದ ಸೆಕೆ ನಿಮ್ಮ ಬಾಯಲ್ಲಿ ಈಗ ‘ಎಂದಿನಂತೆ’ ಆಗಿದೆ. ಎಪ್ಪತ್ತಾರರ ಬೇಸಿಗೆ ಬಂದು ಹೋಯಿತು, ಆದ್ದರಿಂದಲೇ ಅದರ ಕತೆ ಉಳಿದಿದೆ. ಇವತ್ತಿನ ಬೇಸಿಗೆಗಳು ಹೋಗುವುದೇ ಇಲ್ಲ. ಈ ವ್ಯತ್ಯಾಸವನ್ನು ನನ್ನ ಅಕ್ಕನಿಗೆ ಹೇಳಬೇಕಾದವರು ತಮ್ಮನೋ, ನೀವೋ?

ನಾನು ಹೇಳಿ ಸೋತಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ. ಭಾನುವಾರ ಅವಳ ಗೆಳತಿಯರೆಲ್ಲ ದಂಡೆಯ ಗೂಡಿಗೆ ಚಹಾಕ್ಕೆ ಬರುವವರಿದ್ದಾರೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಕರೆದಿರುವುದು ಇದೇ ಮೊದಲು. ಸೋತ ಮೈಯನ್ನು ಲೆಕ್ಕಕ್ಕಿಡದೆ, ತಾನು ಮೊದಲಿನ ಪೌಲಿನ್ ಎಂದು ತೋರಿಸುವ ದಿನ. ಆ ಆಸೆ ನನಗೆ ಅರ್ಥವಾಗುತ್ತದೆ. ನಿನ್ನೆ ನಿಮ್ಮ ವಾರ್ತೆ ಮುಗಿದ ಕೂಡಲೇ ಅವರ ಮನೆಗೆ ಹೋದೆ.

“ಮುಂದಿನ ವಾರಕ್ಕೆ ಹಾಕು ಅಕ್ಕ. ಅಷ್ಟರಲ್ಲಿ ಗಾಳಿ ತಿರುಗುತ್ತೆ.”

“ಮಳೆ ಬರಲಿ ಅಂತ ಕಾಯ್ಬೇಕಾ? ಪ್ರಪಂಚದಲ್ಲಿ ಯಾರಾದ್ರೂ ಹಾಗೆ ಚಹಾಕ್ಕೆ ಕರೀತಾರೇನೋ?”

“ಡಾಕ್ಟ್ರು ಹೇಳಿದ್ದು ನೆನಪಿದೆ ತಾನೆ?”

“ಡಾಕ್ಟ್ರು ನಂಗೆ ಚಾಕೊಲೇಟೂ ಬೇಡ ಅಂದಿದ್ದಾರೆ.” ಆಮೇಲೆ ಟಿವಿಯ ಕಡೆ ಗದ್ದದಲ್ಲೇ ತೋರಿಸಿದಳು. “ಸರಿ, ಒಂದು ಮಾತು. ಆ ಹುಡುಗಿ ಶನಿವಾರ ಸಂಜೆ ‘ನಾಳೆ ಚೆಂದ ಇಲ್ಲ’ ಅನ್ಲಿ. ನಾನೇ ಎಲ್ರಿಗೂ ಫೋನ್ ಮಾಡಿ ಬೇಡ ಅಂತೀನಿ, ಪರದೆ ಎಳ್ಕೊಂಡು ಒಳಗೆ ಕೂತ್ಕೋತೀನಿ. ನೀನು ಹೇಳಿದ್ರೆ ಮಾತ್ರ ಇಲ್ಲ.”

“ನಾನ್ಯಾಕೆ ಬೇಡ?”

“ನೀನು ಹುಟ್ಟಿದಾಗಿನಿಂದ ಮೋಡ ಕವಿದ ಮುಖ ಕಣೋ. ಅವಳು ನಗ್ತಾಳೆ. ನಗೋರು ಒಂದಿನ ನಗ್ದೇ ಹೇಳಿದ್ರೆ, ಆಗ ಭಯ ಆಗುತ್ತೆ.”

ಮಾನ್ಯರೇ, ನಿಮ್ಮ ಕಸುಬಿನ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಅವಳು ನಿಮ್ಮನ್ನು ನಂಬುತ್ತಾಳೆ. ನನಗಿಲ್ಲದ ಅಧಿಕಾರ ನಿಮಗಿದೆ, ಅದನ್ನು ನೀವು ಈವರೆಗೆ ಐಸ್‌ಕ್ರೀಮ್ ಮಾರಲು ಬಳಸಿದ್ದೀರಿ. ಭೂಪಟ ಬದಲಿಸಬೇಡಿ, ತಜ್ಞರನ್ನು ಕರೆಸಬೇಡಿ, ಭೂಮಿ ಬಿಸಿಯಾಗುತ್ತಿರುವುದರ ಕಾರಣಗಳನ್ನೂ ಆ ಎರಡು ನಿಮಿಷದಲ್ಲಿ ವಿವರಿಸಬೇಡಿ. ಶನಿವಾರ ಸಂಜೆ ಆ ಹುಡುಗಿ ನಗದೆ ಒಂದೇ ಒಂದು ವಾಕ್ಯ ಹೇಳಬೇಕು: ನಾಳೆ ಚೆಂದದ ದಿನವಲ್ಲ, ನೆರಳಲ್ಲಿರಿ. ಇದು ವಿನಂತಿಯಲ್ಲ, ಆಗ್ರಹ. ಹೇಳದೆ ಹೋದರೆ, ಭಾನುವಾರ ಈ ಕಡಲಂಚಿನಲ್ಲಿ ಕಣ್ಣುಮುಚ್ಚುವ ಪ್ರತಿಯೊಬ್ಬರ ಕುರ್ಚಿಯನ್ನೂ ಬಿಸಿಲಿಗೆ ಎತ್ತಿಟ್ಟ ಕೈ ನಿಮ್ಮದೆಂದು ನಾನು ಊರಿಗೆಲ್ಲ ಹೇಳುತ್ತೇನೆ. ಭಾವನ ಕೈಗೆ ಪ್ರೀತಿಯ ನೆಪವಾದರೂ ಇತ್ತು.

ಶನಿವಾರ ನಾವು ಮೂವರೂ ಟಿವಿಯ ಮುಂದೆ ಇರುತ್ತೇವೆ. ಭಾವ ಬಟ್ಟೆಯ ಕುರ್ಚಿಗಳನ್ನು ಈಗಾಗಲೇ ಒರೆಸಿ ಮುಂಬಾಗಿಲ ಗೋಡೆಗೆ ಒರಗಿಸಿದ್ದಾನೆ. ಗೂಡಿಗೆ ಒಯ್ದಿಲ್ಲ, ಒಳಗೂ ಇಟ್ಟಿಲ್ಲ. ಆ ಕುರ್ಚಿಗಳನ್ನು ಈ ಸಲ ಅವನು ತಾನಾಗಿ ಎತ್ತಲಾರ. ಎತ್ತ ಎತ್ತಿಡಬೇಕೆಂದು ನೀವೇ ಹೇಳಿ.

ಇಂತಿ,
ಊರವರ ಒಳ್ಳೆಯ ದಿನವನ್ನು ಹಾಳುಮಾಡುವವನೆಂದು ಹೆಸರಾದ
ನೈಜೆಲ್ ತ್ರಪ್,
ಜೇನಿಲ್ಲದ ಪೆಟ್ಟಿಗೆಯ ಮನೆ, ಸ್ಕಾರ್ಬಿ